ಬಿಲ್ ಕಳೆದಿದೆ, ಮಿಕ್ಸರ್ ಕೆಟ್ಟಿದೆ: ಅಂಗಡಿಯವ ವಾಪಸ್ ತಗೊಳ್ಳಲೇಬೇಕೆ?

ಮುಂಬಯಿಯ ದಾದರಿನಲ್ಲೋ ಪುಣೆಯ ತಪಕೀರ್ ಗಲ್ಲಿಯಲ್ಲೋ ಕೊಂಡ ಮಿಕ್ಸರ್ ಹನ್ನೆರಡನೇ ದಿನಕ್ಕೆ ಸುಟ್ಟ ವಾಸನೆ ಬಿಟ್ಟು ನಿಂತಿತೆನ್ನಿ. ಹೊತ್ತುಕೊಂಡು ಹೋದರೆ ಗಲ್ಲೆಯಲ್ಲಿ ಕೂತವ ತಲೆ ಎತ್ತದೆಯೇ ಕೇಳುತ್ತಾನೆ, "ಬಿಲ್ ಆಹೇ ಕಾ?" (ಬಿಲ್ ಇದೆಯಾ?) ಇಲ್ಲ ಎಂದೊಡನೆ ಮಾತು ಮುಗಿಯಿತು ಎಂದುಕೊಂಡು ಹೆಚ್ಚಿನವರು ಹಿಂದಿರುಗುತ್ತಾರೆ. ಮುಗಿದಿರುವುದಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಬಳಕೆಗೆಂದು ದುಡ್ಡು ಕೊಟ್ಟು ಕೊಂಡವ ಗ್ರಾಹಕ. ಬಿಲ್ ಇಟ್ಟುಕೊಂಡವ ಮಾತ್ರ ಎಂದು ಅದರಲ್ಲಿ ಎಲ್ಲೂ ಇಲ್ಲ. ನೀವು ತೋರಿಸಬೇಕಾದದ್ದು ಈ ಮಾಲು ಈ ಅಂಗಡಿಯಿಂದ ಬಂತು, ಇಷ್ಟು ಹಣ ಕೊಟ್ಟೆ ಎಂಬುದನ್ನು. ಅದೇ ಕಾಯ್ದೆಯ ಕಲಂ 2(47)ರ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ಒಲ್ಲೆ ಎನ್ನುವುದೂ ಅದೇ ಪಟ್ಟಿಯಲ್ಲಿದೆ. ಆದರೆ ಬಣ್ಣ ಹಿಡಿಸಲಿಲ್ಲ, ಪಕ್ಕದ ಅಂಗಡಿಯಲ್ಲಿ ಕಡಿಮೆಗೆ ಸಿಕ್ಕಿತು ಎಂಬುದು ದೋಷವಲ್ಲ. ಅಲ್ಲಿ ಅಂಗಡಿಯವ ಒಪ್ಪಿದರೆ ಉಂಟು, ಇಲ್ಲವಾದರೆ ಇಲ್ಲ.

ಮೊದಲು ಪುರಾವೆ ಕೂಡಿಸಿ. 'ಬಿಲ್ ಇಲ್ಲ' ಎನ್ನುವ ಅನೇಕರ ಮನೆಯಲ್ಲಿ ಬಿಲ್ ಇರುತ್ತದೆ, ಅಕ್ಷರ ಮಾತ್ರ ಮಾಯವಾಗಿರುತ್ತದೆ. ಅದು ಶಾಖಕ್ಕೆ ಕಪ್ಪಾಗುವ ಥರ್ಮಲ್ ಕಾಗದ. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಇನ್ನೂ ಬೇಗ ಮಾಸುತ್ತದೆ, ಲ್ಯಾಮಿನೇಟ್ ಮಾಡಿಸಿದರೆ ಪೂರ್ತಿ ಕಪ್ಪಾಗುತ್ತದೆ. ಮಾಸಿದ್ದನ್ನೂ ಎಸೆಯಬೇಡಿ, ಓರೆ ಬೆಳಕಿನಲ್ಲಿ ಹಿಡಿದು ಫೋಟೋ ತೆಗೆಯಿರಿ.

ಯುಪಿಐಯಲ್ಲಿ ಕೊಟ್ಟಿದ್ದರೆ ಅರ್ಧ ಕೆಲಸ ಆದಂತೆ. ದಿನಾಂಕ, ಮೊತ್ತ, ಆ ಪಾವತಿಯ ಗುರುತಾದ 12 ಅಂಕಿಯ ಯುಟಿಆರ್ ಸಂಖ್ಯೆ ಮೂರೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಪುಟವನ್ನೂ ಇಳಿಸಿಕೊಳ್ಳಿ. ಎಡವುವುದು ಇಲ್ಲಿ: ಬೋರ್ಡಿನಲ್ಲಿ ಒಂದು ಹೆಸರು, ಹಣ ಹೋಗಿರುವುದು ಮಾಲೀಕನ ಸ್ವಂತ ಹೆಸರಿಗೆ. ಗಲ್ಲೆಯ ಮೇಲಿನ ಕ್ಯೂಆರ್ ಫಲಕ ಮತ್ತು ಅಂಗಡಿಯ ಬೋರ್ಡು ಎರಡರ ಫೋಟೋ ಇದ್ದರೆ ಆ ಗೊಂದಲ ತೀರುತ್ತದೆ.

ನಗದು ಕೊಟ್ಟಿದ್ದರೆ ಕಷ್ಟ, ಆದರೆ ದಾರಿಯಿದೆ. ಬಿಲ್ ಮಾಡುವಾಗ ಮೊಬೈಲ್ ನಂಬರ್ ಕೇಳಿದ್ದರೆ ಅದೇ ನಂಬರಿನಿಂದ ಅವರ ಕಂಪ್ಯೂಟರಿನಲ್ಲಿ ಬಿಲ್ ಹುಡುಕಬಹುದು. ವಾರಂಟಿ ಕಾರ್ಡಿನ ಮೇಲಿನ ಅಂಗಡಿಯ ಮುದ್ರೆ, 'ಕಚ್ಚಾ ಬಿಲ್' ಎಂದು ಕೈಯಲ್ಲಿ ಬರೆದ ಚೀಟಿ, ಎರಡಕ್ಕೂ ಬೆಲೆಯಿದೆ. ಡಬ್ಬಿಯನ್ನು ರದ್ದಿಗೆ ಹಾಕಬೇಡಿ. ಅದರ ಮೇಲೆ ತಯಾರಾದ ತಿಂಗಳು, ವರ್ಷ ಇರುತ್ತದೆ. ಎರಡು ತಿಂಗಳ ಹಿಂದಷ್ಟೇ ತಯಾರಾದ ಮಿಕ್ಸರನ್ನು 'ವರ್ಷದ ಹಿಂದೆ ಕೊಂಡದ್ದು' ಎನ್ನಲಾಗದು. ಮಿಕ್ಸರಿನ ತಳದಲ್ಲಿನ ಸೀರಿಯಲ್ ನಂಬರ್ ಡಬ್ಬಿಯ ನಂಬರಿಗೆ ಹೊಂದುತ್ತದೆಯೇ ನೋಡಿ.

ಇನ್ನೂ ಏನೂ ಇಲ್ಲವೆಂದರೆ ಅಂಗಡಿಗೆ ಹೋಗುವ ಮೊದಲೇ ಒಂದು ವಾಟ್ಸಾಪ್ ಸಂದೇಶ ಕಳಿಸಿ: "12ನೇ ತಾರೀಖು ನಿಮ್ಮಲ್ಲಿ ಕೊಂಡ ಮಿಕ್ಸರ್ ಕೆಟ್ಟಿದೆ, ಯಾವಾಗ ತರಲಿ?" 'ಉದ್ಯಾ ಯಾ' (ನಾಳೆ ಬನ್ನಿ) ಎಂದು ಉತ್ತರ ಬಂತೋ, ಮಾರಿದ್ದು ತಾವೇ ಎಂದು ಅವರೇ ಬರೆದುಕೊಟ್ಟಂತಾಯಿತು.

ದೋಷವನ್ನು ಒಂದೇ ಓಟದ ವೀಡಿಯೊದಲ್ಲಿ ಹಿಡಿಯಿರಿ: ಮೊದಲು ಸೀರಿಯಲ್ ನಂಬರ್, ಆಮೇಲೆ ಸ್ವಿಚ್. ಸುಟ್ಟ ವಾಸನೆಯಿದ್ದರೆ ಎರಡು ಸೆಕೆಂಡ್ ಸಾಕು. ಓಣಿಯ ರಿಪೇರಿಯವನಿಂದ ಮಾತ್ರ ಬಿಚ್ಚಿಸಬೇಡಿ. ಗೆಲ್ಲಬೇಕಾದ ದೂರು ಇಲ್ಲೇ ಸೋಲುವುದುಂಟು, ಏಕೆಂದರೆ ಆಮೇಲೆ ಕೆಡಿಸಿದ್ದು ನೀವೇ ಎನ್ನಲು ಅವರಿಗೆ ಸುಲಭ.

ಅಂಗಡಿಗೆ ಬೆಳಿಗ್ಗೆ, ಗಿರಾಕಿ ಕಡಿಮೆ ಇರುವಾಗ ಹೋಗಿ. ಹುಡುಗರ ಹತ್ತಿರ ವಾದ ಬೇಡ, ಶೇಟ್ ಬರಲಿ. ಹಣ ಕೇಳುವ ಮೊದಲು "ಡುಪ್ಲಿಕೇಟ್ ಬಿಲ್ ದ್ಯಾ" (ಕೊಡಿ) ಎನ್ನಿ. ಜಿಎಸ್‌ಟಿ ನೋಂದಣಿಯಿರುವ ಅಂಗಡಿ 200 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಮಾರಾಟಕ್ಕೆ ಬಿಲ್ ಮಾಡಲೇಬೇಕು, ಲೆಕ್ಕಪತ್ರವನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಹಾಗಾಗಿ 'ಹಳೇದು ಸಿಗಲ್ಲ' ಎಂಬ ಮಾತು ನಿಲ್ಲುವುದಿಲ್ಲ. ಜಿಎಸ್‌ಟಿ ನಂಬರ್ ಬಾಗಿಲ ಬೋರ್ಡಿನಲ್ಲಿ ಇರಬೇಕು. ಸುಮ್ಮನೆ ಅದರ ಫೋಟೋ ತೆಗೆಯಿರಿ, ದನಿ ಬದಲಾಗುವುದುಂಟು. ಮಾರಿದ ಮಾಲು ವಾಪಸಿಲ್ಲ ಎಂಬ ಫಲಕ ಕೆಟ್ಟ ಮಾಲಿಗೆ ಅನ್ವಯಿಸುವುದಿಲ್ಲ. ಹಣದ ಬದಲು ಕ್ರೆಡಿಟ್ ನೋಟ್, ಅಂದರೆ ಅದೇ ಅಂಗಡಿಯಲ್ಲಿ ಬೇರೆ ಮಾಲು ಕೊಳ್ಳುವ ಚೀಟಿ, ಕೊಟ್ಟರೆ ಬೇಡ ಎನ್ನುವ ಹಕ್ಕು ನಿಮಗಿದೆ. ಮಿಕ್ಸರ್ ಅಲ್ಲೇ ಬಿಟ್ಟು ಬರುವುದಾದರೆ ದಿನಾಂಕ, ಸೀರಿಯಲ್ ನಂಬರ್ ಇರುವ ರಸೀದಿ ತೆಗೆದುಕೊಳ್ಳದೆ ಮೆಟ್ಟಿಲಿಳಿಯಬೇಡಿ. ಇಲ್ಲವಾದರೆ ಬಿಲ್ಲೂ ಇಲ್ಲ, ಮಾಲೂ ಇಲ್ಲ.

ಅಲ್ಲಿ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಅವರಿಗೆ ಆದೇಶ ಕೊಡುವ ಅಧಿಕಾರವಿಲ್ಲ, ಆದರೆ ದೂರು ಕಂಪನಿಗೆ ಮುಟ್ಟುತ್ತದೆ. ದೊಡ್ಡ ಬ್ರ್ಯಾಂಡುಗಳು ಇಷ್ಟಕ್ಕೇ ಮಣಿಯುವುದುಂಟು. ಜೊತೆಗೆ ಅಂಗಡಿಗೂ ತಯಾರಕರಿಗೂ ಸ್ಪೀಡ್ ಪೋಸ್ಟಿನಲ್ಲಿ ಒಂದು ಪುಟದ ನೋಟಿಸ್ ಕಳಿಸಿ: ಕೊಂಡ ದಿನ, ಮೊತ್ತ, ದೋಷ, ಕೇಳುವುದು ಹಣವೋ ಬದಲಿಯೋ, 15 ದಿನದ ಗಡುವು. ತಯಾರಕರ ವಿಳಾಸ ಡಬ್ಬಿಯ ಮೇಲೇ ಇದೆ.

ಕೊನೆಯದು ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲ ಬೇಕೆಂದೇನೂ ಇಲ್ಲ, ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಅಂಗಡಿ ಎಲ್ಲಿದೆ ಎಂಬುದಕ್ಕಿಂತ ನೀವೆಲ್ಲಿದ್ದೀರಿ ಎಂಬುದು ಅನುಕೂಲ: ಪುಣೆಯಲ್ಲಿ ಕೊಂಡು ಗೋವಾದ ವಾಸ್ಕೋದಲ್ಲಿ ವಾಸವಿದ್ದರೆ ದಕ್ಷಿಣ ಗೋವಾದಲ್ಲೇ ದೂರು ಕೊಡಬಹುದು. ದೂರು ಕೊಡಲು ಇರುವ ಅವಧಿ ಎರಡು ವರ್ಷ. ತೀರ್ಪಿಗೆ ಕಾಯ್ದೆ ಹೇಳುವುದು ಮೂರು ತಿಂಗಳು, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು. ಇನ್ನೂ ಎಳೆಯುತ್ತದೆ ಎಂದೇ ಲೆಕ್ಕ ಹಾಕಿ. ಫ್ಯಾಷನ್ ಸ್ಟ್ರೀಟಿನ ಬೀದಿ ಅಂಗಡಿಯಲ್ಲಿ ಕೊಂಡ 300 ರೂಪಾಯಿ ಚಪ್ಪಲಿಗೆ ಇಷ್ಟು ಓಡಾಡುವುದು ವ್ಯರ್ಥ, ನೋಟಿಸ್ ಕಳಿಸಲು ಅಲ್ಲಿ ವಿಳಾಸವೇ ಸಿಗದು. ನಾಲ್ಕು ಸಾವಿರದ ಮಿಕ್ಸರಿಗೆ 1915ರವರೆಗಂತೂ ಹೋಗಿ.