ಬೆಳ್ಳಗಾದ ಸೀರಮ್ ಬಂದಾಗ ನಾವು ಮಾಡುವುದು

ನಾಯಿಯ ರಕ್ತ ಹೆಪ್ಪುಗಟ್ಟಿದ ಮೇಲೆ ಸೆಂಟ್ರಿಫ್ಯೂಜ್‌ನಲ್ಲಿ (ವೇಗವಾಗಿ ತಿರುಗಿಸುವ ಯಂತ್ರ) ಬೇರ್ಪಡುವ ದ್ರವವೇ ಸೀರಮ್. ಟ್ಯೂಬಿನಲ್ಲಿ ಅದು ಮಜ್ಜಿಗೆಯಂತೆ ಕಂಡರೆ ಮೊದಲು ಕೇಳುವುದು, ನಾಯಿ ಕೊನೆಗೆ ತಿಂದದ್ದು ಯಾವಾಗ, ಏನು ಎಂದು. "ಬೆಳಿಗ್ಗೆಯಿಂದ ಏನೂ ಕೊಟ್ಟಿಲ್ಲ" ಎಂದವರನ್ನೂ ಬಿಡಿಸಿ ಕೇಳಬೇಕು. ಮಾತ್ರೆ ನುಂಗಿಸಲು ಕೊಟ್ಟ ತುಪ್ಪ, ಹಾಲು ಊಟದ ಲೆಕ್ಕಕ್ಕೆ ಬಂದಿರುವುದಿಲ್ಲ. ಆಹಾರದ ಕೊಬ್ಬು ಕೈಲೋಮೈಕ್ರಾನ್ ಎಂಬ ಕಣಗಳಾಗಿ ರಕ್ತ ಸೇರಿ ಸೀರಮನ್ನು ಬೆಳ್ಳಗಾಗಿಸುತ್ತದೆ. ಆರೋಗ್ಯವಂತ ನಾಯಿಯಲ್ಲಿ ಕೆಲವು ಗಂಟೆ ಏರಿದ್ದು, ಸಾಮಾನ್ಯವಾಗಿ 12 ಗಂಟೆಯೊಳಗೆ ತಿಳಿಯಾಗುತ್ತದೆ.

ಸಿಬಿಸಿಯಲ್ಲಿ (ರಕ್ತಕಣಗಳ ಎಣಿಕೆ) ನಾನು ಮೊದಲು ನೋಡುವುದು ಎಂಸಿಎಚ್‌ಸಿ, ಅಂದರೆ ಕೆಂಪುಕಣದೊಳಗೆ ಹಿಮೋಗ್ಲೋಬಿನ್ ಎಷ್ಟು ದಟ್ಟವಾಗಿದೆ ಎಂಬ ಲೆಕ್ಕ. ಯಂತ್ರ ಕೆಂಪುಕಣಗಳನ್ನು ಒಡೆದು, ಬೆಳಕು ಹಾಯಿಸಿ ಹಿಮೋಗ್ಲೋಬಿನ್ ಅಳೆಯುತ್ತದೆ. ಕೊಬ್ಬು ತಡೆದ ಬೆಳಕೂ ಹಿಮೋಗ್ಲೋಬಿನ್ ಲೆಕ್ಕಕ್ಕೇ ಸೇರುತ್ತದೆ. ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) 45, ಹಿಮೋಗ್ಲೋಬಿನ್ 18 ಬಂತೆನ್ನಿ. ಎಂಸಿಎಚ್‌ಸಿ (18 ÷ 45 × 100) 40 ಆಗುತ್ತದೆ, ನಾಯಿಯ ಕೆಂಪುಕಣದಲ್ಲಿ ಅಷ್ಟು ಹಿಡಿಯುವುದೇ ಇಲ್ಲ. ಆಗ ಅದೇ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಮಾದರಿಯಿಂದ ಕಣಗಳನ್ನು ಬಿಟ್ಟ ದ್ರವವನ್ನು, ಅಂದರೆ ಪ್ಲಾಸ್ಮಾವನ್ನಷ್ಟೇ ಯಂತ್ರಕ್ಕೆ ಕೊಡುತ್ತೇವೆ. ಅದು 5 ತೋರಿಸಿದರೆ, ರಕ್ತದಲ್ಲಿ ಪ್ಲಾಸ್ಮಾದ ಪಾಲು 0.55 ಆದ್ದರಿಂದ 2.75 ಕಳೆಯಬೇಕು. ಉಳಿದ 15.25 ನಿಜಕ್ಕೆ ಹತ್ತಿರ. ಎಂಸಿಎಚ್‌ಸಿಯೂ 34ರ ಆಸುಪಾಸಿಗೆ ಇಳಿಯುತ್ತದೆ. ಇಷ್ಟು ಮಾಡದೆ ರಿಪೋರ್ಟ್ ಕಳಿಸಿದರೆ ರಕ್ತಹೀನತೆ ಮುಚ್ಚಿಹೋಗಬಹುದು. ನನ್ನ ಮಟ್ಟಿಗೆ ಇದೇ ದೊಡ್ಡ ಅಪಾಯ.

ಬೆಳಕು ಬಾಗುವುದನ್ನು ನೋಡಿ ಪ್ರೋಟೀನ್ ಅಳೆಯುವ ರಿಫ್ರಾಕ್ಟೋಮೀಟರ್ ಕೂಡ ಕೊಬ್ಬಿದ್ದರೆ ಪ್ರೋಟೀನನ್ನು ಹೆಚ್ಚು ತೋರಿಸುತ್ತದೆ. ಮಾದರಿಯನ್ನು ತೆಳುಮಾಡಿ ಅಳೆಯುವ ಯಂತ್ರದಲ್ಲಿ ಸೋಡಿಯಂ ಸುಳ್ಳಾಗಿ ಇಳಿಯುತ್ತದೆ, ಕೊಬ್ಬು ನೀರಿನ ಜಾಗ ಹಿಡಿದಿರುವುದರಿಂದ. ಡ್ರಿಪ್ ನಿರ್ಧರಿಸುವ ಮೊದಲು ರಕ್ತವನ್ನು ನೇರವಾಗಿ ಅಳೆಯುವ ಬ್ಲಡ್ ಗ್ಯಾಸ್ ಯಂತ್ರದಲ್ಲಿ ನೋಡಿ. ಕೊಬ್ಬಿದ್ದಲ್ಲಿ ಕೆಂಪುಕಣಗಳೂ ಬೇಗ ಒಡೆಯುತ್ತವೆ. ಸೀರಮ್ ಬೇರ್ಪಡಿಸಲು ತಡಮಾಡಬೇಡಿ.

ಮತ್ತೆ ರಕ್ತ ತೆಗೆಯಲಾಗದಿದ್ದರೆ ಮೈಕ್ರೋಸೆಂಟ್ರಿಫ್ಯೂಜ್‌ನಲ್ಲಿ 10,000 ಜಿ (ಗುರುತ್ವದ 10,000 ಪಟ್ಟು) ಅಥವಾ ಹೆಚ್ಚಿನ ಬಲದಲ್ಲಿ 15 ನಿಮಿಷ ತಿರುಗಿಸುತ್ತೇವೆ, ಕೊಬ್ಬು ಕೆನೆಯಾಗಿ ಮೇಲೇಳುತ್ತದೆ. ಕ್ಲಿನಿಕ್‌ನ ಸಾಧಾರಣ ಸೆಂಟ್ರಿಫ್ಯೂಜ್‌ಗೆ ಆ ಬಲ ಇರುವುದಿಲ್ಲ. ಪಿಪೆಟ್ಟನ್ನು ಟ್ಯೂಬಿನ ಗೋಡೆಗೆ ಒತ್ತಿ ಕೆನೆಯ ಕೆಳಗಿಳಿಸಿ, ತುದಿ ಒರೆಸಿ, ಕೆಳಗಿನ ತಿಳಿಯನ್ನಷ್ಟೇ ಬಳಸಿ. ಆ ತಿಳಿಯಲ್ಲಿ ಟ್ರೈಗ್ಲಿಸರೈಡ್, ಕೊಲೆಸ್ಟರಾಲ್ ಮಾತ್ರ ಅಳೆಯಬಾರದು. ಅಳೆಯಬೇಕಾದ ಕೊಬ್ಬು ಮೇಲೇ ಉಳಿದಿರುತ್ತದೆ.

ಮರುಪರೀಕ್ಷೆಗೆ 12 ಗಂಟೆ ಉಪವಾಸ, ನೀರು ಕುಡಿಯಲಿ. ಸಣ್ಣ ಮರಿಗಳಿಗೂ ಇನ್ಸುಲಿನ್ ಪಡೆಯುವ ನಾಯಿಗಳಿಗೂ ವೈದ್ಯರನ್ನು ಕೇಳದೆ ಉಪವಾಸ ಬೇಡ, ತುರ್ತಿದ್ದರೆ ಕಾಯಲೇಬೇಡಿ. ಉಪವಾಸದ ನಂತರವೂ ಸೀರಮ್ ಬೆಳ್ಳಗಿದ್ದರೆ ಊಟದ ಮೇಲೆ ಹೊರಿಸುವಂತಿಲ್ಲ. ಥೈರಾಯ್ಡ್ ಕೊರತೆ, ಮಧುಮೇಹ, ಕುಶಿಂಗ್ (ದೇಹದಲ್ಲಿ ಕಾರ್ಟಿಸೋಲ್ ಹಾರ್ಮೋನು ಹೆಚ್ಚಾಗುವ ಕಾಯಿಲೆ), ಮೇದೋಜೀರಕದ ಉರಿಯೂತ ಹುಡುಕಬೇಕು. ಮಿನಿಯೇಚರ್ ಶ್ನೌಜರ್ ಆದರೆ ತಳಿಯಿಂದಲೇ ಬಂದಿರಬಹುದು.