ಗ್ರಾಮಫೋನ್ ತಟ್ಟೆಯ ಹಾಡಿನ ಶ್ರುತಿ, ಕಾಲಪ್ರಮಾಣ ಮತ್ತು ಭಾವವನ್ನು ಗುರುತಿಸುವ ಬಗೆ

ಬಸವನಗುಡಿಯಲ್ಲಿ ಪಾಠಕ್ಕೆ ಹೋಗುತ್ತಿದ್ದ ದಿನಗಳಲ್ಲಿ, ಹಳೆಯ ತಟ್ಟೆಯಿಂದ ಕ್ಯಾಸೆಟ್ಟಿಗೆ ಇಳಿಸಿದ್ದ ಕೃತಿಯೊಂದನ್ನು ಕೇಳಿ ಕಲಿತು ಗುರುಗಳ ಮುಂದೆ ಹಾಡಿದ್ದೆ. ಪಲ್ಲವಿ ಮುಗಿಯುವ ಮೊದಲೇ ಅವರು ತಡೆದು, "ಇಷ್ಟು ಓಡುವ ಕೃತಿಯಲ್ಲಪ್ಪ ಇದು" ಎಂದರು. ಕ್ಯಾಸೆಟ್ಟಿಗೆ ಇಳಿಸುವಾಗ ತಟ್ಟೆ ಬೇಗ ತಿರುಗಿದ್ದರಿಂದ ಶ್ರುತಿ ಅರ್ಧ ಮನೆ (ಹಾರ್ಮೋನಿಯಂನ ಬಿಳಿ ಮನೆಗಳನ್ನು ಎಣಿಸಿ ಶ್ರುತಿ ಹೇಳುವ ಅಳತೆ, ಅರ್ಧವೆಂದರೆ ಕಪ್ಪು ಮನೆ) ಏರಿತ್ತು, ಅದರೊಡನೆ ಕಾಲವೂ ಓಡಿತ್ತು. ಎರಡನ್ನೂ ನಾನು ಗಾಯಕಿಯ ಶೈಲಿಯೆಂದೇ ನಂಬಿದ್ದೆ. ಹಾಗಾಗಿ ಹಳೆಯ ಧ್ವನಿಮುದ್ರಿಕೆಯನ್ನು ಅಭ್ಯಾಸ ಮಾಡುವವರು ಎಲ್ಲಕ್ಕಿಂತ ಮೊದಲು ತಟ್ಟೆಯ ವೇಗವನ್ನು ನಿಶ್ಚಯಿಸಿಕೊಳ್ಳಬೇಕು.

ನಿಮಿಷಕ್ಕೆ 78 ಸುತ್ತು ಎಂಬುದು ಕ್ರಮೇಣ ಗಟ್ಟಿಯಾದ ರೂಢಿ. ಆರಂಭದ ದಶಕಗಳ ಅನೇಕ ತಟ್ಟೆಗಳು ಅದಕ್ಕಿಂತ ಕಡಿಮೆ ಅಥವಾ ಹೆಚ್ಚು ವೇಗದಲ್ಲಿ ಮುದ್ರಣಗೊಂಡಿವೆ. ವೇಗ ಶೇಕಡಾ 6ರಷ್ಟು ಬದಲಾದರೆ ಶ್ರುತಿ ಒಂದು ಸ್ವರಸ್ಥಾನದಷ್ಟು ಜರುಗುತ್ತದೆ. ಅಂದರೆ 73.6 ಸುತ್ತಿನಲ್ಲಿ ಮುದ್ರಿಸಿದ ಹಾಡನ್ನು 78ರಲ್ಲಿ ನುಡಿಸಿದರೆ ಐದೂವರೆ ಮನೆಯ ಗಾಯಕಿ ಆರು ಮನೆಯಲ್ಲಿ ಹಾಡಿದಂತೆ ಕೇಳುತ್ತದೆ. ನಿಮ್ಮ ಯಂತ್ರವೇ ಸರಿಯಿಲ್ಲದಿರಬಹುದು. ಅದನ್ನು ಪರೀಕ್ಷಿಸಲು 77 ಗೆರೆಗಳ ಸ್ಟ್ರೋಬೋಸ್ಕೋಪ್ ಬಿಲ್ಲೆಯೊಂದನ್ನು ತಟ್ಟೆಯ ಮೇಲಿಡಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ದೀಪ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ, ಆ ಬೆಳಕಿನಲ್ಲಿ ಗೆರೆಗಳು ನಿಂತಂತೆ ಕಂಡರೆ ಯಂತ್ರ 77.92 ಸುತ್ತಿನಲ್ಲಿದೆ ಎಂದು ಅರ್ಥ. ಈಗಿನ ಅನೇಕ ಎಲ್‌ಇಡಿ ದೀಪಗಳು ಹೀಗೆ ಮಿನುಗುವುದಿಲ್ಲವಾದ್ದರಿಂದ ಹಳೆಯ ಬುರುಡೆ ದೀಪವನ್ನೋ ನಿಯಾನ್ ದೀಪವನ್ನೋ ಬಳಸಿ.

ಯಂತ್ರ ಸರಿಯಿದ್ದ ಮೇಲೆ ಮುದ್ರಣದ ನಿಜವಾದ ವೇಗಕ್ಕೆ ಸಾಕ್ಷಿ ಹುಡುಕಬೇಕು. ನನ್ನ ಅನುಭವದಲ್ಲಿ ಅತ್ಯಂತ ನಂಬಲರ್ಹವಾದ ಸಾಕ್ಷಿ ಮಾತು. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ, ಕೊನೆಗಾಲವನ್ನು ಮೈಸೂರಿನಲ್ಲಿ ಕಳೆದ ಗಾಯಕಿ ಗೌಹರ್ ಜಾನ್ ಅವರಂತೆ, ಆ ಕಾಲದ ಅನೇಕ ಕಲಾವಿದರು ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಹೇಳುತ್ತಿದ್ದರು. ತಟ್ಟೆಗಳು ಜರ್ಮನಿಯ ಹ್ಯಾನೋವರ್‌ನಲ್ಲಿ ಸಿದ್ಧವಾಗುತ್ತಿದ್ದುದರಿಂದ ಅಲ್ಲಿಯವರಿಗೆ ಗುರುತು ಸಿಗಲೆಂದು ಈ ಏರ್ಪಾಡು. ಹಾಡುವ ದನಿಯ ಎತ್ತರ ನಮ್ಮನ್ನು ಮೋಸಗೊಳಿಸಬಹುದು, ಆದರೆ ಆಡುವ ಮಾತು ಮಗುವಿನ ದನಿಯಂತೆ ಚಿಕ್ಕದಾದರೆ ಕಿವಿ ಕೂಡಲೇ ಹಿಡಿಯುತ್ತದೆ. ಹಾರ್ಮೋನಿಯಂ ಇದ್ದರೆ ಅದು ಎರಡನೆಯ ಸಾಕ್ಷಿ, ಏಕೆಂದರೆ ಅದರ ಮನೆಗಳು ಸ್ಥಿರ. ಅದರ ಷಡ್ಜ (ಆಧಾರ ಸ್ವರವಾದ ‘ಸ’) ಐದಕ್ಕೂ ಐದೂವರೆಗೂ ನಡುವೆ ಎಲ್ಲೋ ಕುಳಿತಿದ್ದರೆ ವೇಗವನ್ನು ಅನುಮಾನಿಸಿ. ಹಳೆಯ ಪೆಟ್ಟಿಗೆಗಳೆಲ್ಲ ಇಂದಿನ ಅಳತೆಗೆ ಸೇರಿರಲಿಲ್ಲವೆಂಬುದೂ ನೆನಪಿನಲ್ಲಿರಲಿ. ತಂಬೂರಿ, ಪಿಟೀಲುಗಳನ್ನು ಗಾಯಕರ ಶ್ರುತಿಗೇ ಸೇರಿಸುವುದರಿಂದ ಅವು ಇಲ್ಲಿ ಸಾಕ್ಷಿಯಾಗಲಾರವು. ಅದೇ ಗಾಯಕರ ಬೇರೆ ತಟ್ಟೆಗಳು ಸಿಕ್ಕರೆ, ಲೇಬಲ್ಲಿನ ಅಂಚಿನಲ್ಲಿ ಕೊರೆದಿರುವ ಸಂಖ್ಯೆಗಳನ್ನು ನೋಡಿ. ಒಂದರ ಬೆನ್ನಿಗೊಂದು ಬರುವ ಸಂಖ್ಯೆಗಳು ಸಾಮಾನ್ಯವಾಗಿ ಒಂದೇ ಕೂಟದಲ್ಲಿ ಮುದ್ರಣಗೊಂಡವು, ಆದ್ದರಿಂದ ವೇಗವೂ ಒಂದೇ ಇರುವ ಸಂಭವ ಹೆಚ್ಚು. ಹಾಡಿನ ಆರಂಭದಲ್ಲೂ ಅಂತ್ಯದಲ್ಲೂ ಷಡ್ಜವನ್ನು ಬೇರೆ ಬೇರೆಯಾಗಿ ಅಳೆಯುವುದನ್ನು ಮರೆಯಬೇಡಿ, ಕೆಲವು ತಟ್ಟೆಗಳಲ್ಲಿ ಶ್ರುತಿ ನಡುವೆಯೇ ಜಾರುತ್ತದೆ. ಗಣಕದಲ್ಲಿ ತಿದ್ದುವಾಗ ಆಡಾಸಿಟಿಯಂಥ ತಂತ್ರಾಂಶದಲ್ಲಿ ಶ್ರುತಿಯನ್ನೋ ಕಾಲವನ್ನೋ ಪ್ರತ್ಯೇಕವಾಗಿ ಬದಲಿಸದೆ, ಎರಡನ್ನೂ ಒಟ್ಟಿಗೆ ಬದಲಿಸುವ ವೇಗದ ಆಯ್ಕೆಯನ್ನೇ ಬಳಸಬೇಕು.

ಶ್ರುತಿ ಹಿಡಿಯಲು ಶ್ರುತಿಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟು ಕಿವಿಯಿಂದಲೇ ಹೊಂದಿಸಿ. ಹಾಡನ್ನು ಕೇಳಿ ತಾನಾಗಿ ಶ್ರುತಿ ಹೇಳುವ ಆ್ಯಪ್‌ಗಳು ಪಾಶ್ಚಾತ್ಯ ಮೇಳಗಳನ್ನು ಊಹಿಸಿಕೊಂಡು ಹೊರಡುತ್ತವೆ. ಒಂದು ಮನೆಯ ಮೋಹನದ ಐದು ಸ್ವರಗಳೇ ಆರು ಮನೆಯ ಇನ್ನೊಂದು ಮೇಳದ್ದೂ ಆಗಬಹುದಾದ್ದರಿಂದ, ಅವು ಧೈವತವನ್ನೇ ಷಡ್ಜವೆಂದು ತೋರಿಸುವುದುಂಟು. ಇನ್ನೊಂದು ತೊಡಕು ಮಧ್ಯಮ ಶ್ರುತಿಯದು. ಝಂಝೂಟಿ, ಪುನ್ನಾಗವರಾಳಿಯಂಥ ರಾಗಗಳನ್ನು ಹಾಡುವಾಗ ಮಧ್ಯಮವನ್ನೇ ಷಡ್ಜವಾಗಿ ಇಟ್ಟುಕೊಳ್ಳುವುದು ವಾಡಿಕೆ, ಆದ್ದರಿಂದ ಐದು ಮನೆಯ ಗಾಯಕಿಯ ಹಾಡು ಒಂದು ಮನೆಯದೆಂದು ಕಂಡರೆ ವೇಗವನ್ನು ತಿದ್ದಲು ಹೋಗಬೇಡಿ.

ಕಾಲಪ್ರಮಾಣದ ಲೆಕ್ಕ ಸುಲಭ. ಎಂಟು ಎಣಿಕೆಯ ಆದಿತಾಳದ ಐದು ಆವರ್ತಗಳಿಗೆ 30 ಸೆಕೆಂಡು ಹಿಡಿದರೆ 40 ಎಣಿಕೆ, ನಿಮಿಷಕ್ಕೆ 80. ಅದೇ ತಟ್ಟೆಯ ವೇಗವನ್ನು ಅರ್ಧ ಮನೆಯಷ್ಟು ಇಳಿಸಿದರೆ ಈ ಸಂಖ್ಯೆ ಸುಮಾರು 75 ಆಗುತ್ತದೆ. ಪಲ್ಲವಿಯಲ್ಲೊಮ್ಮೆ, ಚರಣದಲ್ಲೊಮ್ಮೆ ಎಣಿಸಿ. ಹತ್ತಂಗುಲದ ತಟ್ಟೆಯ ಒಂದು ಬದಿಗೆ ಮೂರು ಮೂರೂವರೆ ನಿಮಿಷವಷ್ಟೇ ಇದ್ದುದರಿಂದ, ಕೊನೆಯಲ್ಲಿ ಕಾಲ ಬಿಗಿಯಾಗುವುದು ಸಹಜ.

ಭಾವದ ಬಗ್ಗೆ ಬರೆಯುವಾಗ ಈ ಮಿತಿಗಳು ಕಣ್ಣಮುಂದಿರಬೇಕು. 1925ರಲ್ಲಿ ವಿದ್ಯುತ್ ಮುದ್ರಣ ಬರುವವರೆಗೆ ಗಾಯಕರು ಕಹಳೆಯಂಥ ಕೊಳವೆಯೊಂದರ ಬಾಯಿಗೆ ಗಟ್ಟಿಯಾಗಿ ಹಾಡಬೇಕಿತ್ತು, ತಂಬೂರಿಯ ಮಂದ್ರ, ಮೃದಂಗದ ಎಡಭಾಗದ ನಾದ ಅದರಲ್ಲಿ ಸರಿಯಾಗಿ ಹಿಡಿಯುತ್ತಲೇ ಇರಲಿಲ್ಲ. ಆ ದನಿಯ ಬಿರುಸನ್ನು ಉದ್ವೇಗವೆಂದೋ ಕಾಲದ ಚುರುಕನ್ನು ಉಲ್ಲಾಸವೆಂದೋ ಬರೆದರೆ ಗಾಯಕರಿಗೆ ಅನ್ಯಾಯವಾಗುತ್ತದೆ. ನನಗೆ ಅತ್ಯಂತ ನೋವು ಕೊಡುವ ತಪ್ಪು ಇದೇ. ವೇಗ ಸರಿಪಡಿಸಿದ ಮೇಲೆ ಎರಡು ಬಾರಿ ಏನನ್ನೂ ಎಣಿಸದೆ ಕೇಳಿ, ಆಮೇಲೆ ಸಾಹಿತ್ಯವನ್ನು ಓದಿ, ಗಮಕ ಯಾವ ಪದದ ಮೇಲೆ ನಿಲ್ಲುತ್ತದೆ, ಉಸಿರು ಎಲ್ಲಿ ಬೀಳುತ್ತದೆ ಎಂಬುದನ್ನು ಗಮನಿಸಿ. ದೈನ್ಯವೋ ಶೃಂಗಾರವೋ ಎಂಬುದು ಆ ನಿಲುಗಡೆಗಳಲ್ಲಿ ತಿಳಿಯುತ್ತದೆ. ಅದೇ ರಾಗವನ್ನು ಬೆಂಗಳೂರಿನ ಗಾಯನ ಸಮಾಜದ ಯಾವುದಾದರೂ ಕಛೇರಿಯಲ್ಲಿ ನಿಡಿದಾಗಿ ಕೇಳಿಬಂದರೆ, ತಟ್ಟೆಯವರು ಮೂರು ನಿಮಿಷಕ್ಕಾಗಿ ಏನನ್ನು ಉಳಿಸಿಕೊಂಡರು ಎಂಬುದು ಇನ್ನಷ್ಟು ಸ್ಪಷ್ಟವಾಗುತ್ತದೆ.

ಕೊನೆಗೆ ನೀವು ನಿಶ್ಚಯಿಸಿದ ವೇಗ, ಅದಕ್ಕೆ ಆಧಾರವಾದ ಸಾಕ್ಷಿ, ಶ್ರುತಿ ಮತ್ತು ಎಣಿಕೆಯನ್ನು ತಟ್ಟೆಯ ಚೀಲದೊಳಗಿನ ಚೀಟಿಯಲ್ಲಿ ಬರೆದಿಡಿ. ತಿದ್ದದ ಮೂಲ ಪ್ರತಿಯನ್ನೂ ಗಣಕದಲ್ಲಿ ಪ್ರತ್ಯೇಕವಾಗಿ ಉಳಿಸಿಕೊಳ್ಳಿ.