ಹವಾಮಾನ ವಾಗ್ದಾನದ ಲೆಕ್ಕ: ಬೇಸ್‌ಲೈನ್ ಎಳೆದು ನಾನು ಕಲಿತದ್ದು

ಹವಾಮಾನದ ವಿಷಯದಲ್ಲಿ ನಮ್ಮ ದೇಶ ಕೊಟ್ಟ ಮಾತು ಎಷ್ಟು ನಡೆದಿದೆ ಅಂತ ಕೆಲವು ವರ್ಷಗಳಿಂದ ಲೆಕ್ಕ ಇಡುತ್ತಿದ್ದೇನೆ. ಮೈಸೂರಿನ ಮನೆಯಲ್ಲಿ ಕೂತು ಒಂದೇ ಎಕ್ಸೆಲ್ ಶೀಟಿನಲ್ಲಿ ಮಾಡುವ ಕೆಲಸ.

2022ರ ಆಗಸ್ಟ್‌ನಲ್ಲಿ ಭಾರತ ಪರಿಷ್ಕರಿಸಿದ ವಾಗ್ದಾನದ ಮುಖ್ಯ ಅಂಶ ಇದು: 2030ರ ಹೊತ್ತಿಗೆ ಜಿಡಿಪಿಯ ಪ್ರತಿ ರೂಪಾಯಿಗೆ ಹೊಮ್ಮುವ ಹಸಿರುಮನೆ ಅನಿಲವನ್ನು 2005ರ ಮಟ್ಟಕ್ಕಿಂತ ಶೇ 45ರಷ್ಟು ಇಳಿಸುವುದು. ಒಟ್ಟು ಹೊಗೆ ಇಳಿಸುತ್ತೇವೆ ಅಂತಲ್ಲ, ರೂಪಾಯಿಗೆ ಇಷ್ಟು ಅಂತ. ಇದು ದೊಡ್ಡ ಸಾಧನೆಯೋ ಅಲ್ಲವೋ ತಿಳಿಯಬೇಕಾದರೆ, ಹೊಸದೇನೂ ಮಾಡದೆ ಈಗಿನ ಹಾಗೇ ನಡೆದರೆ 2030ಕ್ಕೆ ಎಲ್ಲಿರುತ್ತೇವೆ ಎಂಬ ಗೆರೆ ಬೇಕು. ಅದೇ ಬೇಸ್‌ಲೈನ್.

ನಾನು ಎಡವಿದ್ದು ಆ ಗೆರೆ ಎಲ್ಲಿಂದ ಶುರು ಅನ್ನುವಲ್ಲಿ. 2024ರ ಡಿಸೆಂಬರ್‌ನಲ್ಲಿ ಭಾರತ ವಿಶ್ವಸಂಸ್ಥೆಗೆ ಕೊಟ್ಟ ವರದಿಯಲ್ಲಿ 2020ರ ಒಟ್ಟು ಹೊರಸೂಸುವಿಕೆಯ (ಆ ವರ್ಷ ದೇಶ ಹೊಮ್ಮಿಸಿದ ಹಸಿರುಮನೆ ಅನಿಲದ) ಅಂಕಿ ಇತ್ತು: ಅರಣ್ಯ, ಭೂಬಳಕೆ ಬಿಟ್ಟು 2,959 ದಶಲಕ್ಷ ಟನ್. ತೀರ ಹೊಸ ಅಂಕಿ ಅಂತ ಅದನ್ನೇ ಬುಡವಾಗಿಟ್ಟೆ. ಮುಂದಿನ ಎಲ್ಲ ವರ್ಷವೂ ಗೆರೆಯ ಮೇಲೆ ಹಾರಿತು. ದೇಶ ದಾರಿ ತಪ್ಪಿದೆ ಅಂತ ಒಂದು ಟಿಪ್ಪಣಿಯನ್ನೂ ಬರೆದಿಟ್ಟೆ.

ಆ ವಾರ ಮಂಡ್ಯದ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಅಪ್ಪ ದಿನವೂ ಪೇಪರ್ ನೋಡಿ ಕೆಆರ್‌ಎಸ್ ಮಟ್ಟವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಪೆನ್ಸಿಲಿನಿಂದ ಬರೆಯುತ್ತಾರೆ. ಹಳೆಯ ಕ್ಯಾಲೆಂಡರ್‌ಗಳನ್ನು ಸುತ್ತಿ, ದಾರ ಕಟ್ಟಿ ಅಟ್ಟದ ಮೇಲಿಟ್ಟಿದ್ದಾರೆ. 2023 ಬರದ ವರ್ಷ, 2024ರ ಜುಲೈನಲ್ಲಿ ಕಟ್ಟೆ ತುಂಬಿತು. ಎರಡನ್ನೂ ಪಕ್ಕಪಕ್ಕ ಹಿಡಿದು, "ಎಷ್ಟು ಚೆನ್ನಾಗಾಗಿದೆ ನೋಡಪ್ಪ" ಅಂದೆ. "ಬರದ ವರ್ಸ ಮುಂದಿಟ್ಕೊಂಡ್ರೆ ಹಂಗೇ ಕಾಣ್ತದೆ ಕಣವ್ವ. ಹಿಂದಿನವ್ನೂ ಬಿಚ್ಚು" ಅಂದರು.

2020 ಕೂಡ ಅಂಥದ್ದೇ ವರ್ಷ. ಕೋವಿಡ್ ಲಾಕ್‌ಡೌನ್‌ನಿಂದ ಹಿಂದಿನ ವರ್ಷಕ್ಕಿಂತ ಹೊರಸೂಸುವಿಕೆ ಶೇ 7.93 ಇಳಿದಿತ್ತು. ಅದು ಅದೇ ವರದಿಯಲ್ಲೇ ಇತ್ತು, ನಾನು ಓದಿಯೂ ಇದ್ದೆ. ಟಿಪ್ಪಣಿ ಕಳಿಸಲಿಲ್ಲ.

ಒಂದೇ ವರ್ಷದ ಬದಲು 2005ರಿಂದ 2020ರವರೆಗಿನ ಓಟವನ್ನೇ ಹಿಡಿದು ಮತ್ತೆ ಕೂತೆ. ಈ ಹದಿನೈದು ವರ್ಷದಲ್ಲಿ ರೂಪಾಯಿಗೆ ಹೊಮ್ಮುವ ಹೊಗೆ ಶೇ 36 ಇಳಿದಿದೆ, ಅಂದರೆ ವರ್ಷಕ್ಕೆ ಸುಮಾರು ಶೇ 2.9. ಅದೇ ವೇಗದಲ್ಲಿ ಹೋದರೆ 2030ಕ್ಕೆ ಇಳಿಕೆ ಶೇ 52 ದಾಟುತ್ತದೆ. ವಾಗ್ದಾನ ಮುಟ್ಟಲು 2020ರಿಂದ ವರ್ಷಕ್ಕೆ ಶೇ 1.5 ಸಾಕು! ಈ ಸಾಲನ್ನು ಮೂರು ಸಲ ತಾಳೆ ನೋಡಿದೆ. ಬೇಸ್‌ಲೈನೇ ವಾಗ್ದಾನಕ್ಕಿಂತ ಮುಂದಿದೆ. ಅಂದರೆ ಮಾತು ಉಳಿಸಿಕೊಂಡರೂ ಹೊಗೆ ಕಡಿಮೆಯಾಗಬೇಕೆಂದಿಲ್ಲ. 2020ರಿಂದ ಹತ್ತು ವರ್ಷ ಜಿಡಿಪಿ ಶೇ 6.5ರಂತೆ ಬೆಳೆದರೆ, ವಾಗ್ದಾನ ಸರಿಯಾಗಿ ಮುಟ್ಟಿದ 2030ರಲ್ಲಿ ಹೊರಸೂಸುವಿಕೆ ಸುಮಾರು 4,770 ದಶಲಕ್ಷ ಟನ್. ಶೇ 5ರಂತೆ ಬೆಳೆದರೆ 4,140. ಒರಟು ಲೆಕ್ಕ, ನಿಜ. ಆದರೆ ಜಿಡಿಪಿಯ ಒಂದು ಊಹೆ ಬದಲಾದರೆ 600 ದಶಲಕ್ಷ ಟನ್‌ಗೂ ಹೆಚ್ಚು ಆಚೀಚೆ. ಅಂದಿನಿಂದ ಒಂದೇ ಗೆರೆ ಎಳೆಯುವುದನ್ನು ಬಿಟ್ಟು ಮೂರು ಎಳೆಯುತ್ತೇನೆ.

ಊಹೆಯ ಗೆರೆಯ ಮೇಲೆಯೇ ವಾಗ್ದಾನ ಕಟ್ಟಿದರೆ ಇನ್ನೂ ಕಷ್ಟ. ದಕ್ಷಿಣ ಕೊರಿಯಾ 2015ರಲ್ಲಿ, ಹೊಸದೇನೂ ಮಾಡದಿದ್ದರೆ 2030ಕ್ಕೆ ಹೊರಸೂಸುವಿಕೆ 850.6 ದಶಲಕ್ಷ ಟನ್ ಆಗುತ್ತದೆಂದು ಅಂದಾಜಿಸಿ ಅದಕ್ಕಿಂತ ಶೇ 37 ಕಡಿಮೆ ಮಾಡುತ್ತೇವೆ ಎಂದಿತ್ತು. ಬುಡದ ಅಂದಾಜೇ ಉಬ್ಬಿದ್ದರೆ ಕಡಿತ ಕಾಗದದ ಮೇಲೆ ಮಾತ್ರ. 2021ರಲ್ಲಿ ಅದನ್ನು 2018ರ ಮಟ್ಟಕ್ಕಿಂತ ಶೇ 40 ಕಡಿಮೆ ಎಂದು ಬದಲಿಸಿತು. 2018ರದ್ದು ಆಗಿಹೋದ, ಎಣಿಸಬಹುದಾದ ಅಂಕಿ. ಹೀಗೆ ಬದಲಿಸಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ವಿದ್ಯುತ್ತಿನ ಮಾತು ಬೇರೆ. ಸ್ಥಾಪಿತ ಸಾಮರ್ಥ್ಯದಲ್ಲಿ, ಅಂದರೆ ಸ್ಥಾವರಗಳು ಗರಿಷ್ಠ ಉತ್ಪಾದಿಸಬಲ್ಲಷ್ಟರಲ್ಲಿ, ಶೇ 50 ಪಳೆಯುಳಿಕೆಯೇತರ (ಸೌರ, ಗಾಳಿ, ಜಲ, ಅಣು ಮುಂತಾದವು) ಎಂಬ ಗುರಿಯನ್ನು ಭಾರತ 2025ರಲ್ಲೇ ಮುಟ್ಟಿತು, ಐದು ವರ್ಷ ಮೊದಲೇ. ಹೆಮ್ಮೆಯ ಸಂಗತಿ. ಆದರೂ ನನ್ನ ಶೀಟಿನಲ್ಲಿ ಉತ್ಪಾದನೆಗೆ ಪ್ರತ್ಯೇಕ ಕಾಲಂ ಇದೆ, ಏಕೆಂದರೆ ನಿಜವಾಗಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ದೊಡ್ಡ ಪಾಲು ಇನ್ನೂ ಕಲ್ಲಿದ್ದಲಿನದು.

ಈಗ ಪ್ರತಿ ಬೇಸ್‌ಲೈನ್ ಮೇಲೂ ಎಳೆದ ತಾರೀಖು, ಹಿಡಿದ ಜಿಡಿಪಿ ದರ ಬರೆದಿರುತ್ತೇನೆ. ಹೊಸದು ಬಂದಾಗ ಹಳೆಯದನ್ನು ಅಳಿಸುವುದಿಲ್ಲ, ಪಕ್ಕದ ಟ್ಯಾಬ್‌ಗೆ ಸರಿಸುತ್ತೇನೆ. 2020ರಿಂದ ಎಳೆದ ಆ ತಪ್ಪು ಗೆರೆಯೂ ಅಲ್ಲೇ ಇದೆ.